ಬೀಗದಣ್ಣನ ಪಾಸ್‌ವರ್ಡು

ಹೆಂಡತಿ ಮನೆ ಬಿಟ್ಟು ಒಂದು ಗಂಟೆಯೂ ಆಗಿರಲಿಲ್ಲ, ಟ್ಯಾಬು ಮುಷ್ಕರ ಹೂಡಿತು.

ಅವಳೇನೂ ಮುನಿಸಿಕೊಂಡು ಹೋದವಳಲ್ಲ. ಧ್ವನಿ ಅನುಕರಣೆಯ ಸ್ಪರ್ಧೆಯ ಫೈನಲ್‌ಗೆ ಹೋಗಿದ್ದಳು. ಗೆದ್ದವರಿಗೆ ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ. ಇಷ್ಟು ವರ್ಷ ಅಡುಗೆಮನೆಯ ಗೋಡೆಗಳಷ್ಟೇ ಕೇಳಿದ್ದ ಅವಳ ವಿದ್ಯೆಯನ್ನು ಇವತ್ತು ಊರೆಲ್ಲ ಕೇಳುವುದಿತ್ತು. ಕಾರ್ಯಕ್ರಮ ಟಿವಿಯಲ್ಲಿಲ್ಲ, ಇಂಟರ್ನೆಟ್ಟಿನಲ್ಲಿ ಮಾತ್ರ. ಎಲ್ಲ ಮುಗಿದ ಮೇಲೆ ಹತ್ತು ನಿಮಿಷದೊಳಗೆ ನೋಡುಗರು ವೋಟು ಹಾಕಬೇಕು, ಹೆಚ್ಚು ವೋಟು ಬಿದ್ದವರು ಗೆದ್ದಂತೆ.

"ರೀ, ಒಂದು ನಿಮಿಷಾನೂ ಬಿಡದೆ ನೋಡ್ಬೇಕು. ಎಲ್ಲಿ ಚೆನ್ನಾಗಿತ್ತು, ಎಲ್ಲಿ ತಪ್ಪಿದೆ, ಬಂದು ಕೇಳ್ತೀನಿ," ಎಂದು ಚಪ್ಪಲಿ ಮೆಟ್ಟುತ್ತಾ ಹೇಳಿ ಹೋಗಿದ್ದಳು.

ಅವನ ಕಸುಬು ಬೀಗ ರಿಪೇರಿ. ಕಟ್ಟಡಕ್ಕೆಲ್ಲ ಅವನು ಬೀಗದಣ್ಣ. ಮನುಷ್ಯರನ್ನು ನಂಬುವುದಕ್ಕಿಂತ ಬೀಗವನ್ನು ನಂಬುವುದು ಲೇಸೆಂದು ತಿಳಿದವನು. ಸಕ್ಕರೆ ಡಬ್ಬಿಗೂ ಒಂದು ಪುಟ್ಟ ಬೀಗ ಜಡಿದಿದ್ದ. ಆದರೆ ಹೆಂಡತಿಯ ವಿದ್ಯೆಯೆಂದರೆ ಅವನಿಗೆ ಪ್ರಾಣ. ಅವಳು ಇವತ್ತು ಗೆಲ್ಲಲೇಬೇಕೆಂದು ಬೆಳಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿದೆ ಎನ್ನುವಾಗ ಪರೀಕ್ಷೆಗೆಂದು ಒಂದು ವಿಡಿಯೋ ಹಾಕಿ ನೋಡಿದ. ನಿರೂಪಕ "ನಮಸ್..." ಎಂದು ಕೈ ಎತ್ತಿದವನು ಎತ್ತಿದ ಹಾಗೇ ನಿಂತ. ಬೀಗದಣ್ಣ ತಟ್ಟಿದ, ಒರೆಸಿದ, ಆರಿಸಿ ಮತ್ತೆ ಹಚ್ಚಿದ. ನಿರೂಪಕ "ಕಾರ" ಎಂದ. ಮತ್ತೆ ನಿಂತ.

ಬೀಗದಣ್ಣನಿಗೆ ಬೆವರು ಬಂತು. ಬಾಗಿಲು ತೆಗೆದು, "ಯಾರಿಗಾದ್ರೂ ಟ್ಯಾಬಿನ ವಿಷಯ ಗೊತ್ತಾ?" ಎಂದು ಕೂಗಿದ. ಹೀಗೆ ಕೂಗಬಾರದಿತ್ತು. ಗೊತ್ತಿಲ್ಲ ಎನ್ನುವವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಮೊದಲು ಬಂದವಳು ಎದುರುಮನೆಯ ನರ್ಸಮ್ಮ. ಟ್ಯಾಬಿನ ಬೆನ್ನ ಮೇಲೆ ಅಂಗೈ ಇಟ್ಟು, "ಮೈ ಸುಡ್ತಾ ಇದೆಯಲ್ಲ ಬೀಗದಣ್ಣ. ಮಲಗಿಸಿ, ಗಾಳಿ ಬಿಡಿ," ಎಂದಳು. ಒದ್ದೆ ಬಟ್ಟೆ ತರಲು ಹೊರಟವಳನ್ನು ಅವನು ಕಷ್ಟಪಟ್ಟು ತಡೆದ.

ಮೇಲ್ಮನೆಯ ನಿವೃತ್ತ ಬಸ್ ಕಂಡಕ್ಟರ್ ತಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಓವರ್‌ಲೋಡಪ್ಪ. ಒಳಗೆ ನಿಲ್ಲೋಕೂ ಜಾಗ ಇಲ್ಲ. ಇಳಿಸು, ಎಲ್ಲಾರನ್ನೂ ಇಳಿಸು."

ಅವರು ಹೇಳಿದ ಹಾಗೆ ಬೀಗದಣ್ಣ ಫೋಟೋ ಇಳಿಸಿದ, ಆಟಗಳನ್ನು ಇಳಿಸಿದ. ಕಂಡಕ್ಟರ್ ಹುರುಪಿನಲ್ಲಿ ತಾವೂ ಒಂದು ಬೆರಳು ಹಾಕಿದರು. ಮದುವೆಯ ಆಲ್ಬಮ್ಮಿನಲ್ಲಿ ಹೆಣ್ಣಿನ ಕಡೆಯವರೆಲ್ಲ ಒಟ್ಟಿಗೆ ಇಳಿದುಹೋದರು.

ಅಷ್ಟರಲ್ಲಿ ಕೆಳಮನೆಯ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. "ಅಳತೆ ಕಡಿಮೆ ಮಾಡಣ್ಣ. ವಿಡಿಯೋ ಕ್ವಾಲಿಟಿ ಇಳಿಸಿದ್ರೆ ತಾನಾಗೇ ಓಡುತ್ತೆ," ಎಂದು ಪೂರ್ತಿ ತಳಕ್ಕೆ ಇಳಿಸಿದ. ವಿಡಿಯೋ ಓಡಿತು. ಆದರೆ ನಿರೂಪಕನ ಮುಖ ಚೌಕುಳಿ ಚಾದರದ ಹಾಗಾಯಿತು; ಗಂಡೋ ಹೆಣ್ಣೋ ತಿಳಿಯಲಿಲ್ಲ. ಮರುಕ್ಷಣ ಅದೂ ನಿಂತಿತು.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಮೂವರೇ ಸಾಕಾದರು. ಗಡಿಯಾರ ನೋಡಿದ ಮೂವರೂ, "ಅಯ್ಯೋ, ಶುರುವಾಗೋ ಹೊತ್ತಾಯ್ತು, ನಮ್ಮನೇಲಿ ನೋಡ್ತೀವಿ," ಎಂದು ಎದ್ದರು.

"ನಿಮ್ಮ ಮನೇಲಿ ಹೇಗೆ ನೋಡ್ತೀರಿ?" ಬೀಗದಣ್ಣ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಆ ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಕಾಲಿಡುತ್ತಿರಲಿಲ್ಲ. ವೈಫೈ ಇದ್ದದ್ದು ಅವನ ಮನೆಯಲ್ಲೊಂದೇ.

"ನಮ್ಮನೇಲಿ ನಿಮ್ಮ ವೈಫೈ ಚೆನ್ನಾಗೇ ಬರುತ್ತಲ್ಲ," ಎಂದ ನರ್ಸಮ್ಮ ನಾಲಿಗೆ ಕಚ್ಚಿಕೊಂಡಳು. ಕಂಡಕ್ಟರಿಗೆ ಕೆಮ್ಮು ಬಂತು. ಮೂವರೂ ಮೆಟ್ಟಿಲು ಹಿಡಿದರು.

ಬೀಗದಣ್ಣನ ತಲೆಯಲ್ಲಿ ದೀಪ ಹತ್ತಿತು. ವೈಫೈ ಹಾಕಿಕೊಟ್ಟವನು, ಯಾರ ಫೋನು ಅದಕ್ಕೆ ಅಂಟಿಕೊಂಡಿದೆ ಎಂದು ನೋಡುವುದನ್ನೂ ಪಾಸ್‌ವರ್ಡು ಬದಲಿಸುವುದನ್ನೂ ಕಲಿಸಿದ್ದ. ಅದು ಬೀಗದ ವಿಷಯವಾದ್ದರಿಂದ ಬೀಗದಣ್ಣ ಮರೆತಿರಲಿಲ್ಲ. ತೆರೆದು ನೋಡಿದ. ಕಟ್ಟಡಕ್ಕೆ ಕಟ್ಟಡವೇ ಅವನ ವೈಫೈಗೆ ಬಾಯಿ ಹಾಕಿ ಹೀರುತ್ತಿತ್ತು. ಅವನ ಮೈಯೆಲ್ಲ ಉರಿದುಹೋಯಿತು. ಕದಿಯುವವರೂ ಇವರೇ, ಬಂದು ಬುದ್ಧಿ ಹೇಳುವವರೂ ಇವರೇ.

ಅಂಕಿ, ಅಕ್ಷರ, ಚುಕ್ಕೆ, ಗೀಟು ಎಲ್ಲ ಸೇರಿಸಿ, ಬ್ರಹ್ಮನೂ ಬಿಡಿಸಲಾರದ ಪಾಸ್‌ವರ್ಡೊಂದನ್ನು ಜಡಿದ.

ಟ್ಯಾಬಿಗೆ ಜೀವ ಬಂತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ವಿಡಿಯೋ ಓಡತೊಡಗಿತು. ಸ್ಪರ್ಧಿಗಳು ಬಂದರು, ಹೋದರು. ಎಲ್ಲರಿಗಿಂತ ಕೊನೆಗೆ ಅವನ ಹೆಂಡತಿ ಬಂದಳು. ಅವಳ ಹಣೆಯ ಮೇಲಿನ ಬೆವರ ಹನಿ ಕೂಡ ಕಾಣುತ್ತಿತ್ತು. ಕುಕ್ಕರ್ ಕೂಗಿದ ಹಾಗೆ ಕೂಗಿದಳು, ಚಳಿಯಲ್ಲಿ ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ ಗೊರಗುಟ್ಟಿದಳು. ಕಡೆಗೆ, "ಈಗ ನಮ್ಮೆಜಮಾನ್ರು ಮನೆ ಬಿಡೋದು," ಎಂದಳು. ಬೀಗ ಬೀಳುವ ಸದ್ದು, ನಾಲ್ಕು ಮೆಟ್ಟಿಲಿಳಿಯುವ ಸದ್ದು, ಸಂಶಯದ ಒಂದು ನಿಟ್ಟುಸಿರು, ಮತ್ತೆ ಹತ್ತಿ ಬಂದು ಬೀಗ ಎಳೆದು ನೋಡುವ ಸದ್ದು. ಸಭೆ ಬಿದ್ದು ಬಿದ್ದು ನಕ್ಕಿತು. ಬೀಗದಣ್ಣ ನಗುತ್ತಾ ಅತ್ತ. ತನ್ನ ಬದುಕನ್ನು ಇಷ್ಟು ಕಿವಿಗೊಟ್ಟು ಕೇಳಿದವರು ಇನ್ನೊಬ್ಬರಿಲ್ಲ ಎನಿಸಿ ಎದೆ ತುಂಬಿ ಬಂತು.

"ಈಗ ವೋಟಿಂಗ್ ಶುರು," ಎಂದ ನಿರೂಪಕ.

ಅದೇ ಹೊತ್ತಿಗೆ ಯಾರೋ ಬಾಗಿಲು ದಬದಬ ಬಡಿದರು. "ಬೀಗದಣ್ಣ, ಬಾಗಿಲು ತೆಗೀರಿ. ಈಗ ಬರುತ್ತೆ, ಆಗ ಬರುತ್ತೆ ಅಂತ ಇಷ್ಟು ಹೊತ್ತು ಕಾದ್ವಿ, ವೈಫೈ ಹೋಗೇ ಹೋಯ್ತು."

ಬೀಗದಣ್ಣ ಎದ್ದುಹೋಗಿ ಎರಡನೇ ಚಿಲಕವನ್ನೂ ಹಾಕಿದ. "ಹೋಗದೆ ಏನು? ಇಷ್ಟು ದಿನ ನನಗೆ ತಿಳೀದ ಹಾಗೆ ಕುಡಿದಿರಲ್ಲ, ನಾಚಿಕೆ ಆಗೋಲ್ವಾ?"

"ಅದಲ್ಲಪ್ಪ, ಪಾಸ್‌ವರ್ಡ್ ಹೇಳು ಬೇಗ," ಎಂದರು ಕಂಡಕ್ಟರ್.

"ಟಿಕೆಟ್ ಇಲ್ದೆ ಬಸ್ ಹತ್ತಿದೋರನ್ನ ನೀವು ಏನು ಮಾಡ್ತಿದ್ರಿ ಕಂಡಕ್ಟ್ರೇ?"

ಹೊರಗೆ ಮೂವರೂ ಒಟ್ಟಿಗೆ ಏನೇನೋ ಕೂಗಿದರು, ಆಮೇಲೆ ಯಾರೋ ಮೆಟ್ಟಿಲಿಳಿದು ಓಡಿದ ಸದ್ದಾಯಿತು. ಒಳಗೆ ಬೀಗದಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಪರರ ಸೊತ್ತು, ಪ್ರಾಮಾಣಿಕತೆ, ಇಂದಿನ ಕಾಲದ ನೆರೆಹೊರೆ ಎಂಬ ವಿಷಯಗಳ ಮೇಲೆ ತಡೆಯಿಲ್ಲದೆ ಮಾತನಾಡಿದ. ಅಷ್ಟು ಚೆನ್ನಾಗಿ ಅವನು ಎಂದೂ ಮಾತನಾಡಿರಲಿಲ್ಲ.

ಭಾಷಣ ಮುಗಿಸಿ ಬಂದು ಟ್ಯಾಬು ನೋಡಿದರೆ ಫಲಿತಾಂಶ ಬರುತ್ತಿತ್ತು. ಅವನ ಹೆಂಡತಿ ಎರಡನೆಯವಳಾಗಿದ್ದಳು. ಒಂದೇ ಒಂದು ವೋಟಿನಿಂದ.

ಬೀಗದಣ್ಣ ಚಿಲಕಗಳನ್ನು ಕಿತ್ತೆಸೆಯುವ ಹಾಗೆ ತೆಗೆದ. "ಒಂದು ವೋಟು. ಇಷ್ಟು ದೊಡ್ಡ ಕಟ್ಟಡದಲ್ಲಿ ಅವಳಿಗೆ ಒಂದು ವೋಟು ಹಾಕೋ ಗತಿ ಇರಲಿಲ್ವಾ ನಿಮಗೆ?"

"ಹಾಕೋಕೇ ಅಲ್ವಾ ಬಾಗಿಲು ಬಡಿದದ್ದು?" ಟೈಲರ್ ಉಸಿರು ಬಿಡುತ್ತಾ ಹೇಳಿದ. "ಪಾಸ್‌ವರ್ಡ್ ನಾವು ಕದ್ದದ್ದಲ್ಲಣ್ಣ. ಹೋದ ವಾರ ಅತ್ತಿಗೇನೇ ಮನೆಮನೆಗೆ ಬಂದು ಕೊಟ್ರು. ಇಡೀ ಕಟ್ಟಡ ವೋಟ್ ಹಾಕ್ಬೇಕು, ನಮ್ಮೋರಿಗೆ ಮಾತ್ರ ಹೇಳ್ಬೇಡಿ, ಬೀಗ ಹಾಕಿಬಿಡ್ತಾರೆ ಅಂದಿದ್ರು."

ಬೀಗದಣ್ಣ ಕುರ್ಚಿಯ ಮೇಲೆ ಕುಸಿದ. ಟೈಲರೂ ಕಂಡಕ್ಟರೂ ಒಳಗೆ ಬಂದು ಅವನ ಹಿಂದೆ ನಿಂತರು. ಟ್ಯಾಬು ಹೊಡೆದುಕೊಂಡಿತು. ಹೆಂಡತಿಯ ವಿಡಿಯೋ ಕರೆ.

"ನೋಡಿದ್ರೇನ್ರೀ?" ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಮೆತ್ತಗಿತ್ತು. "ನರ್ಸಮ್ಮ ವೋಟ್ ಹಾಕೋಕೆ ರಸ್ತೆಗಿಳಿಯೋ ಹೊತ್ತಿಗೆ ಟೈಮ್ ಮುಗಿದಿತ್ತಂತೆ, ಅಲ್ಲಿಂದಲೇ ಫೋನ್ ಮಾಡಿ ಎಲ್ಲಾ ಹೇಳಿದ್ರು. ಹೋಗ್ಲಿ ಬಿಡಿ, ಯಾರನ್ನೂ ಬೈಬೇಡಿ. ನಿಮ್ಮಿಂದ ಮುಚ್ಚಿಟ್ಟದ್ದು ನನ್ನದೇ ತಪ್ಪು."

ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು.

"ಅಂದ ಹಾಗೆ, ನೀವು ವೋಟ್ ಹಾಕಿದ್ರಿ ತಾನೆ?"

ಬೀಗದಣ್ಣನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮರುಕ್ಷಣ ಅವನಿಗೊಂದು ಉಪಾಯ ಹೊಳೆಯಿತು. ಕಣ್ಣು ರೆಪ್ಪೆ ಅಲುಗಿಸದೆ, ಉಸಿರು ಬಿಗಿಹಿಡಿದು, ಬಾಯಿ ತೆರೆದ ಹಾಗೇ ಕಲ್ಲಾಗಿ ಕುಳಿತ. ವಿಡಿಯೋ ನಿಂತುಹೋಗಿದೆ ಎಂದು ಅವಳು ತಿಳಿದರೆ ಸಾಕಿತ್ತು.

ಅವಳು ಸ್ವಲ್ಪ ಹೊತ್ತು ನೋಡಿದಳು.

"ರೀ," ಎಂದಳು, "ನಿಮ್ಮ ಹಿಂದೆ ಟೈಲರಣ್ಣ ತಲೆ ಕೆರ್ಕೊಳ್ತಾ ಇದ್ದಾರೆ."