ಮಧ್ಯಾಹ್ನ ಮೂರಕ್ಕೆ ಹೂಂಗುಟ್ಟುವ ಹಾರ್ಮೋನಿಯಂ

ದೇವರಿಗೆ ಸಂಗೀತವೆಂದರೆ ಇಷ್ಟ ಎಂದು ಎಲ್ಲರೂ ಹೇಳುತ್ತಾರೆ. ಯಾರ ಸಂಗೀತ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಅನುಕೂಲವನ್ನೇ ಬಳಸಿಕೊಂಡು ನಾನು ಮುಳಬಾಗಿಲಿನ ನಮ್ಮ ಬೀದಿಯ ರಾಮಮಂದಿರದಲ್ಲಿ ಶನಿವಾರದ ಭಜನೆಯ ಮುಂದಾಳಾಗಿದ್ದೆ. ಹಗಲೆಲ್ಲ ಕಚೇರಿಯಲ್ಲಿ ಟಪಾಲು ವಿಂಗಡಿಸುವವನಿಗೆ ಸಂಜೆ ಹತ್ತು ಜನರ ಮುಂದೆ ಬಾಯಿ ತೆರೆಯುವ ಅವಕಾಶ ಸಿಕ್ಕರೆ ಬಿಟ್ಟಾನೆಯೇ? ನಮ್ಮ ಬಳಿ ಹಣವಿರಲಿಲ್ಲ, ಪರಿಚಯಗಳಿದ್ದವು. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಕ್ಯಾಲನೂರಿನ ನಂಜುಂಡಪ್ಪ ತೂತುಬಿದ್ದ ಕ್ಯಾನೊಂದನ್ನು ಬೋರಲು ಹಾಕಿಕೊಂಡು ಘಟದ ಹಾಗೆ ಬಾರಿಸುತ್ತಿದ್ದ. ತಾಳಗಳು ನನ್ನ ಹೆಂಡತಿ ವಿಮಲಾಳ ತವರಿನವು. ಶ್ರುತಿಗೆ ನನ್ನ ಮೊಬೈಲು; ನಡುವೆ ಯಾರಾದರೂ ಕರೆ ಮಾಡಿದರೆ ರಾಮನೂ ಕಾಯಬೇಕಿತ್ತು.

ರಾಮ ಕಾದರೂ ಮಂದಿರದ ಸಮಿತಿಯವರು ಕಾಯಲಿಲ್ಲ. ಸ್ವಿಚ್ ಒತ್ತಿದರೆ ತಾನಾಗಿ ನಗಾರಿ, ಜಾಗಟೆ ಬಾರಿಸುವ ಯಂತ್ರ ತರಿಸುವುದಾಗಿ ಹೇಳಿದರು. "ಯುಗಾದಿ ಒಳಗೆ ಕಿವಿಗೆ ಹಿತವಾಗೋ ಹಾಗೆ ಹಾಡಿದ್ರೆ ಸರಿ. ಇಲ್ದಿದ್ರೆ ಭಜನೆ ನಿಲ್ಲಿಸಿಬಿಡಿ" ಎಂದರು. ನನಗೆ ಎರಡು ದಿನ ಊಟ ಸೇರಲಿಲ್ಲ. ಆಗ ನಂಜುಂಡಪ್ಪನೇ ದಾರಿ ಹೇಳಿದ. "ಗೌನಿಪಲ್ಲೀಲಿ ನಮಗೆ ಅತ್ತೆ ಆಗ್ಬೇಕು ಕಣಣ್ಣ, ಶಾರದಮ್ಮ ಅಂತ. ಅವರ ಯಜಮಾನ್ರು, ಸಂಗೀತದ ಮೇಷ್ಟ್ರು, ಹೋದಾಗಿಂದ ಹಾರ್ಮೋನಿಯಂ ಸುಮ್ನೆ ಕೂತೈತೆ."

ಗೌನಿಪಲ್ಲಿಗೆ ಹೋಗಿ ಕೇಳಿದೆವು. ಶಾರದಮ್ಮ "ತೀಸ್ಕೋಪೋ ನಾಯನಾ, ತಗೊಂಡೋಗು" ಎಂದು ಪೆಟ್ಟಿಗೆಯ ಧೂಳನ್ನು ಸೆರಗಿನಿಂದ ಒರೆಸಿ ಕೊಟ್ಟರು. ಗಂಡ ಸತ್ತು ಎಂಟು ವರ್ಷವಾದರೂ ಆ ಧೂಳು ಒಂದು ವಾರದ್ದಕ್ಕಿಂತ ಹೆಚ್ಚಿರಲಿಲ್ಲ.

ಮೊದಲು ಕೇಳಿಸಿದ್ದು ವಿಮಲಾಗೆ. "ರೀ, ಮಧ್ಯಾಹ್ನ ಮೂರು ಗಂಟೇಲಿ ನಿಮ್ಮ ಪೆಟ್ಟಿಗೆ ಹೂಂ ಅಂತು." ನಾನು ನಕ್ಕೆ. "ನೀನು ಏನಾದರೂ ಕೇಳಿರ್ತೀಯ, ಒಪ್ಪಿಕೊಂಡಿದೆ. ನನಗಿಂತ ಒಳ್ಳೇ ಗಂಡ" ಎಂದೆ. ಮರುದಿನವೂ ಹೂಂ ಅಂದಿತು, ಅದರ ಮರುದಿನವೂ. ನಾಲ್ಕನೇ ಶನಿವಾರ ನನಗೆ ರಜೆ. ವಿಮಲಾ ಪಕ್ಕದ ಮನೆಗೆ ಹೋಗಿದ್ದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕರೆಂಟಿಲ್ಲದೆ ಫ್ಯಾನು ನಿಂತಿತ್ತು. ಪೇಪರು ಓದುತ್ತಿದ್ದೆ. ಸರಿಯಾಗಿ ಮೂರಕ್ಕೆ ಮೂಲೆಯಿಂದ ಒಂದೇ ಸ್ವರ ಬಂತು. ಸಣ್ಣಗೆ, ಯಾರನ್ನೋ ಕೇಳುವಂತೆ. ಹತ್ತಿರ ಹೋದೆ. ಮುಚ್ಚಳ ಮುಚ್ಚಿತ್ತು, ತಿದಿಗೆ ಕೊಕ್ಕೆ ಹಾಕಿತ್ತು. ಆ ಕೊಕ್ಕೆಯೊಳಗೇ ತಿದಿ ಒಂದಿಷ್ಟು ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮಲಗಿದವರ ಎದೆಯ ಹಾಗೆ. ಕರಿಬೇವು ತರಬೇಕೆಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡು ಬೀದಿಗಿಳಿದೆ. ಹಿತ್ತಲಿನಲ್ಲಿ ಆಳೆತ್ತರದ ಕರಿಬೇವಿನ ಗಿಡವಿರುವುದು ಅಂಗಡಿಯ ಮುಂದೆ ನಿಂತಾಗ ನೆನಪಾಯಿತು.

ವಾದ್ಯ ರಿಪೇರಿ ಮಾಡುವ ಅಮೀರ್ ಸಾಬರನ್ನು ಕರೆತಂದೆ. ಅವರು ಹಾರ್ಮೋನಿಯಂ ಬಿಚ್ಚಿ, ಒಂದೊಂದು ರೀಡನ್ನೂ ಊದಿ ನೋಡಿ, ಮತ್ತೆ ಜೋಡಿಸಿ ತೊಡೆಯ ಮೇಲಿಟ್ಟುಕೊಂಡರು. "ಎಲ್ಲಾ ಸರಿ ಐತೆ ಸಾಮಿ. ಕೊಕ್ಕೆ ಹಾಕಿದ್ಮೇಲೆ ಇದಕ್ಕೆ ಉಸಿರೆಲ್ಲಿಂದ ಬರ್ತೈತೆ?" ಎಂದರು. ಗಡಿಯಾರ ಮೂರು ಹೊಡೆಯಿತು. ಅವರ ತೊಡೆಯ ಮೇಲೆಯೇ ಅದು ಹೂಂ ಅಂದಿತು. ಸಾಬರು ಪೆಟ್ಟಿಗೆಯನ್ನು ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಕೆಳಗಿಟ್ಟು, ಸಾಮಾನು ಚೀಲಕ್ಕೆ ತುಂಬಿಕೊಂಡರು. "ಇದು ಐದು ಮನೆ ಶ್ರುತಿ. ಹೆಂಗಸರು ಹಾಡೋದು. ಇದರ ಮನೆಯವರನ್ನ ಕೇಳಿ, ನನ್ನನ್ನಲ್ಲ" ಎಂದವರು ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ವಿಮಲಾ ತಾನೇ ಶಾರದಮ್ಮನಿಗೆ ಫೋನು ಮಾಡಿದಳು. ಮಾರನೆಯ ದಿನವೇ ಅವರು ಬಸ್ಸು ಹಿಡಿದು ಬಂದರು. ವಿಷಯವನ್ನು ಹೇಗೆ ತೆಗೆಯಬೇಕೆಂದು ನಾನು ತಡವರಿಸುತ್ತಿದ್ದೆ. ಅವರು ಅಡುಗೆಮನೆಯಲ್ಲಿ ನಮ್ಮಿಬ್ಬರ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೂರಾಯಿತು. ಹಜಾರದಿಂದ ಆ ಸ್ವರ ಬಂತು. ವಿಮಲಾ ನನ್ನ ತೋಳು ಹಿಡಿದಳು. ಶಾರದಮ್ಮ ತಲೆ ಎತ್ತಲೂ ಇಲ್ಲ. ಕೈಯಲ್ಲಿದ್ದ ಕಾಯಿ ಸುಲಿಯುತ್ತಲೇ, "ಬಂದೆ ಇರಿ, ಎಷ್ಟು ಅವಸರ ನಿಮಗೆ" ಎಂದರು.

ಅಂದ ಮೇಲೆ ಅವರ ಕೈ ನಿಂತಿತು. ನಮ್ಮಿಬ್ಬರ ಮುಖ ನೋಡಿದರು. "ನಮ್ಮನೆಯವರು ದಿನಾ ಮೂರು ಗಂಟೆಗೆ ಪೆಟ್ಟಿಗೆ ಮುಂದೆ ಕೂರೋರು. ನಾನು ಅಡುಗೆಮನೇಲೇ ಕೆಲಸ ಮಾಡ್ತಾ ಹಾಡ್ತಿದ್ದೆ. ಅವರು ಹೋದ್ಮೇಲೆ ಹಾಡ್ಲಿಲ್ಲಮ್ಮಾ" ಎಂದರು. ಸ್ವರ ಇನ್ನೂ ಕಾಯುತ್ತಿತ್ತು. ಶಾರದಮ್ಮ ಅಲ್ಲೇ, ಸಿಪ್ಪೆಗಳ ನಡುವೆ ಕೂತು ಒಂದು ತೆಲುಗು ಕೀರ್ತನೆ ಎತ್ತಿಕೊಂಡರು. ಎಂಟು ವರ್ಷ ಬಳಸದ ಕಂಠ ಮೊದಲು ಕೆರೆಯಿತು, ಆಮೇಲೆ ತೆರೆಯಿತು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕೊನೆಯವರೆಗೂ ಜೊತೆಗಿತ್ತು. ಹಾಡು ಮುಗಿದಾಗ ತಿದಿ ದೊಡ್ಡದಾಗಿ ಉಸಿರು ಬಿಟ್ಟಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಆಮೇಲೆ ಅದು ತಾನಾಗಿ ಸದ್ದು ಮಾಡಿಲ್ಲ. ವಿಮಲಾ ಅಳುತ್ತಿದ್ದಳು. ನಾನು ಅವರೆಕಾಯಿ ಸುಲಿದೆ, ಬೇರೇನು ಮಾಡಬೇಕೆಂದು ತೋಚಲಿಲ್ಲ.

ಈಗ ಶಾರದಮ್ಮ ಪ್ರತಿ ಶನಿವಾರ ಬಸ್ಸಿಗೆ ಬರುತ್ತಾರೆ, ನಮ್ಮಲ್ಲಿ ಉಳಿದು ಭಾನುವಾರ ಹೋಗುತ್ತಾರೆ. ಯುಗಾದಿಯ ದಿನ ಅವರ ಹಾಡು ಕೇಳಿದ ಸಮಿತಿಯವರು ಯಂತ್ರದ ಮಾತನ್ನೇ ಎತ್ತಲಿಲ್ಲ. ಅವರಿಗೊಂದು ಮೆತ್ತನೆಯ ಜಮಖಾನೆ ತಂದು ಹಾಸಿದರು.

ಹೋದ ತಿಂಗಳು ಅವರಿಗೆ ನೆಗಡಿಯಾಗಿ ಬರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಮುಂದೆ ಕೂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಈಗ ಕ್ಯಾನು ಬಿಟ್ಟು ಹಾರ್ಮೋನಿಯಂ ಹಿಡಿದಿದ್ದ ನಂಜುಂಡಪ್ಪ ಒತ್ತಿದ, ಮತ್ತೆ ಒತ್ತಿದ. ಯಾವ ಮನೆಯನ್ನು ಒತ್ತಿದರೂ ಸದ್ದಿಲ್ಲ. ನಾನು ನಿಲ್ಲಿಸಿದೆ, ಅದು ನುಡಿಯಿತು. ಹಾಡಿದೆ, ಅದು ಉಸಿರು ಬಿಗಿಹಿಡಿಯಿತು. ಮೂರನೆಯ ಸಲ ಮಂದಿರದಲ್ಲಿದ್ದ ಅಷ್ಟೂ ಜನ ಪೆಟ್ಟಿಗೆಯನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು. "ಅಣ್ಣ, ಮೇಷ್ಟ್ರು ಕ್ಲಾಸಲ್ಲೂ ಹಿಂಗೇ ಸ್ಟ್ರಿಕ್ಟು" ಎಂದು ನಂಜುಂಡಪ್ಪ ಕಿವಿಯಲ್ಲಿ ಉಸುರಿದ.

ಅಂದಿನಿಂದ ನಾನು ತಾಳ ಹಾಕುತ್ತೇನೆ. ಅದನ್ನೂ ಹಾರ್ಮೋನಿಯಂ ಕಡೆಗೊಮ್ಮೆ ನೋಡಿಕೊಂಡು, ಮೆಲ್ಲಗೆ.