ನೇರಳೆ ಸೌದೆಗೊಂದು ಸೊಳ್ಳೆಪರದೆ

ಹೊಸ ಜೀವಿಯೊಂದನ್ನು ಲೋಕಕ್ಕೆ ಪರಿಚಯಿಸುವುದು ಬಹಳ ಕಷ್ಟ ಎಂದು ತಿಳಿದವರು ಹೇಳುತ್ತಾರೆ. ಅವರಿಗೆ ಬಹುಶಃ ಅತ್ತೆ ಇರಲಿಕ್ಕಿಲ್ಲ. ಲೋಕವಾದರೋ ದೂರದಲ್ಲಿರುತ್ತದೆ, ಹೇಳಿದ್ದನ್ನು ಕೇಳಿಕೊಳ್ಳುತ್ತದೆ. ಅತ್ತೆ ಪಕ್ಕದ ಕೋಣೆಯಲ್ಲೇ ಇರುತ್ತಾರೆ, ಮೇಲಾಗಿ ಪ್ರಶ್ನೆ ಕೇಳುತ್ತಾರೆ. ನಾನು ಕಂಡುಹಿಡಿದದ್ದು ಒಂದು ಹಕ್ಕಿಯೋ ಸೀತಾಳೆ ಹೂವೋ ಆಗಿದ್ದರೆ ಮನೆಯಲ್ಲಿ ಹೇಗೋ ನಿಭಾಯಿಸಬಹುದಿತ್ತು. ನನ್ನ ಹಣೆಬರಹಕ್ಕೆ ಸಿಕ್ಕಿದ್ದು ಉದ್ದ ಮೀಸೆಯ ದುಂಬಿ. ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ, ಅರೇಬಿಕಾ ಕಾಫಿ ಬೆಳೆಯುವವರ ಮನೆಗೆ ಉದ್ದ ಮೀಸೆಯ ದುಂಬಿಯನ್ನು ತರುವುದೆಂದರೆ ಪೊಲೀಸಿನವರ ಮನೆಗೆ ಕಳ್ಳನನ್ನು ಊಟಕ್ಕೆ ಕರೆದ ಹಾಗೆ. ಏಕೆಂದರೆ ನಮ್ಮ ಕಾಫಿ ಗಿಡದ ಕಾಂಡದೊಳಗೆ ಹೊಕ್ಕು ತಿಂದು, ಗಿಡವನ್ನು ನಿಂತಲ್ಲೇ ಒಣಗಿಸುವ ಕಾಂಡಕೊರಕವೂ ಅದೇ ಕುಲದ್ದು. ಕೊರಕ ಬಿದ್ದ ಗಿಡವನ್ನು ಗುರುತು ಮಾಡಿ, ದುಂಬಿ ಹೊರಬಂದು ಹಾರುವ ಮೊದಲೇ ಕಿತ್ತು ಸುಡಬೇಕು. ಸುಡದೆ ಬಿಟ್ಟವನು ನಮ್ಮ ಕಡೆ ಬರಿಯ ಸೋಮಾರಿಯಲ್ಲ, ಅಕ್ಕಪಕ್ಕದ ತೋಟದವರ ಪಾಲಿಗೆ ಶತ್ರು. ಅಂಥವನ ಮನೆಯ ಮದುವೆಗೆ ಜನ ಹೋದರೂ ಪಾಯಸಕ್ಕೆ ನಿಲ್ಲುವುದಿಲ್ಲ.

ನಾನು ಸಕಲೇಶಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂದು ಬೇಸಿಗೆಯ ಸಂಜೆ ನಮ್ಮ ಜಗಲಿಯ ದೀಪಕ್ಕೆ ಬಂದು ಗೋಡೆಯ ಮೇಲೆ ಕೂತಿದ್ದ ದುಂಬಿ ಅದು. ಕಂದು ಮೈ, ರೆಕ್ಕೆಯ ಮೇಲೆ ಜೇನುಬಣ್ಣದ ಅಡ್ಡಪಟ್ಟೆ, ಮೈಯ ಎರಡರಷ್ಟು ಉದ್ದದ ಮೀಸೆ. ಎಲ್ಲೂ ನೋಡಿದ ನೆನಪಿರಲಿಲ್ಲ. ಬೆಂಗಳೂರಿನಲ್ಲಿ ದುಂಬಿಗಳನ್ನೇ ನೋಡುತ್ತಾ ಕೂದಲು ಹಣ್ಣಾಗಿಸಿಕೊಂಡ ತಜ್ಞರೊಬ್ಬರಿಗೆ ಅದನ್ನು ತಲುಪಿಸಿದೆ. ಆರು ತಿಂಗಳು ಕಳೆದ ಮೇಲೆ, ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ಅವರು, "ಮೇಡಂ, ಇದು ಹೊಸ ಪ್ರಭೇದದ ಹಾಗೆ ಕಾಣುತ್ತಿದೆ. ಆದರೆ ಇದು ಹೆಣ್ಣು. ಗಂಡು ನೋಡದೆ ನಾನು ಒಂದಕ್ಷರ ಬರೆಯುವುದಿಲ್ಲ" ಎಂದರು. ಲೈನು ಗೊರಗೊರ ಎನ್ನುತ್ತಿತ್ತು. ನಾನು ಗಂಟಲು ಹರಿಯುವಂತೆ, "ಹೆಣ್ಣೇನೋ ಸಿಕ್ಕಿತು ಸಾರ್, ಗಂಡನ್ನು ಎಲ್ಲಿಂದ ಹುಡುಕಲಿ?" ಎಂದು ಕೂಗಿದೆ. ಬೂತಿನಿಂದ ಈಚೆ ಬರುವಷ್ಟರಲ್ಲಿ, ಸರತಿಯಲ್ಲಿ ನಿಂತಿದ್ದ ಆನೇಮಹಲಿನ ಹೆಂಗಸೊಬ್ಬರು ನನ್ನ ಕೈ ಹಿಡಿದು, "ನಮ್ಮಣ್ಣನ ಮಗ ಒಬ್ಬ ಅವ್ನೆ, ಹುಡುಗಿ ಏನ್ ಓದೈತೆ?" ಎಂದು ಕೇಳಿದರು. ಅವರಿಗೆ ನಿಜ ಹೇಳಿ ನೋಯಿಸುವ ಮನಸ್ಸಾಗದೆ, ಜಾತಕ ಇನ್ನೂ ಬಂದಿಲ್ಲವೆಂದು ಹೇಳಿ ಬಸ್ಸು ಹತ್ತಿದೆ.

ಆ ದುಂಬಿ ಎಲ್ಲಿಂದ ಬಂದಿತ್ತೆಂದು ಮನೆಯ ಸುತ್ತ ಹುಡುಕಿದಾಗ ಬಚ್ಚಲ ಹಿಂದಿನ ಕೊಟ್ಟಿಗೆಯಲ್ಲಿ ಸುಳಿವು ಸಿಕ್ಕಿತು. ತೋಟದ ನೆರಳು ತೆಳುಮಾಡಲು ಮರಗಸಿ ಮಾಡಿದಾಗ ಬಿದ್ದ ನೇರಳೆ ಕೊಂಬೆಗಳನ್ನು ಸೌದೆಗೆಂದು ಅಲ್ಲಿ ಒಟ್ಟಿದ್ದರು. ಒಂದೆರಡು ಕೊಂಬೆಗಳಲ್ಲಿ ದುಂಡನೆಯ ತೂತು, ಕೆಳಗೆ ಹಿಟ್ಟಿನಂಥ ಪುಡಿ. ಒಳಗೆ ಇನ್ನೂ ಹುಳುಗಳಿದ್ದರೆ ಮುಂದಿನ ಮಳೆಯ ಹೊತ್ತಿಗೆ ದುಂಬಿಗಳಾಗಿ ಹೊರಬರುತ್ತವೆ, ಅವುಗಳಲ್ಲಿ ಒಂದಾದರೂ ಗಂಡಾಗಿರದೆ ಇರುತ್ತದೆಯೇ! ನಾನು ಆ ರಾಶಿಗೆ ನಮ್ಮ ಮದುವೆಗೆ ಉಡುಗೊರೆ ಬಂದಿದ್ದ ಸೊಳ್ಳೆಪರದೆಯನ್ನು ಕಟ್ಟಿ, ಯಾರೂ ಮುಟ್ಟಕೂಡದೆಂದು ಸಾರಿದೆ. ಅತ್ತೆ ಬಂದು ಪರದೆಯನ್ನು ಮೇಲಿಂದ ಕೆಳಗೆ ನೋಡಿ, "ಸೌದೇಗೂ ಸೊಳ್ಳೆ ಕಚ್ತದೇನೇ?" ಎಂದರು. ನಾನು ಹೊಸ ಜೀವಿಯ ವಿಷಯ ವಿವರಿಸಿದೆ. "ಹೊಸದು ಅಂದ್ರೆ? ಮೊನ್ನೆ ಹುಟ್ಟಿದ್ದಾ?" "ಅಲ್ಲ ಅತ್ತೆ, ಮೊದಲಿಂದ ಇತ್ತು. ಹೆಸರಿರಲಿಲ್ಲ ಅಷ್ಟೆ." "ಹೆಸ್ರಿಲ್ದೆ ಇಷ್ಟ್ ದಿನ ಏನ್ ತೊಂದ್ರೆ ಆಗಿತ್ತಂತೆ ಅದ್ಕೆ?" ಆದರೆ ಅತ್ತೆಯ ನಿಜವಾದ ಚಿಂತೆ ಬೇರೆ ಇತ್ತು. ನಾದಿನಿ ಶೋಭಾ ಹೆರಿಗೆಗೆ ಬಂದಿದ್ದಳು. ಬಾಣಂತಿ ಸ್ನಾನವೆಂದರೆ ಹಂಡೆಗಟ್ಟಲೆ ಕುದಿಯುವ ನೀರು, ಒಣಗಿದ ಸೌದೆ ಇದ್ದದ್ದು ಅದೊಂದೇ ರಾಶಿ. "ಮಗು ಹುಟ್ಟೋಗಂಟ ಇಟ್ಕೋ. ಆಮೇಲೆ ನಾನು ಕೇಳಾಕಿಲ್ಲ" ಎಂದು ತೀರ್ಪು ಕೊಟ್ಟರು. ಹೀಗೆ ಎರಡು ಹೆರಿಗೆಗಳ ನಡುವೆ ಪೈಪೋಟಿ ಶುರುವಾಯಿತು.

ಇಷ್ಟೇ ಆಗಿದ್ದರೆ ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಮರುವಾರ ಪಕ್ಕದ ತೋಟದ ತಮ್ಮಣ್ಣಗೌಡರು ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂತರು. ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ನಮ್ಮವರತ್ತ ತಿರುಗಿ, "ಮಂಜಣ್ಣ, ನಿಮ್ಮನೇಲಿ ಕೊರಕ ಸಾಕ್ತಾ ಅವ್ರೆ ಅಂತ ಊರೆಲ್ಲಾ ಮಾತಾಡ್ತದೆ. ನನ್ ಅರೇಬಿಕಾ ನಿಮ್ ಬೇಲಿ ಪಕ್ಕದಲ್ಲೇ ಐತೆ ಕಣಪ್ಪ" ಎಂದರು. ನಮ್ಮವರು ಹೆಂಡತಿಗೂ ನೆರೆಯವರಿಗೂ ನಡುವೆ ಸಿಕ್ಕಿಕೊಂಡು, ಇದ್ದಕ್ಕಿದ್ದಂತೆ ದನಕ್ಕೆ ಹುಲ್ಲು ಹಾಕಬೇಕೆಂದು ನೆನಪಾಗಿ ಎದ್ದುಹೋದರು. ನಾನೇ ಹೇಳಿದೆ: ಇದು ಕಾಫಿ ಕೊರಕವಲ್ಲ, ಒಣಗಿದ ನೇರಳೆ ಕಟ್ಟಿಗೆ ಬಿಟ್ಟು ಬೇರೇನನ್ನೂ ತಿನ್ನುವ ಹಾಗೆ ಕಾಣುವುದಿಲ್ಲ. ಗೌಡರು ನಿಧಾನವಾಗಿ ಕೇಳಿದರು: "ಅದು ನಿಮ್ಗೆ ಗೊತ್ತು ಮೇಡಮ್ಮೋರೆ. ಅದ್ಕೆ ಗೊತ್ತಾ?"

ಕೊನೆಗೆ ಒಂದು ರಾಜಿಯಾಯಿತು. ಗೌಡರೇ ತಮ್ಮ ನರ್ಸರಿಯಿಂದ ಸೊಂಟದೆತ್ತರದ ಒಂದು ಅರೇಬಿಕಾ ಗಿಡವನ್ನು ಕುಂಡ ಸಮೇತ ತಂದು ಪರದೆಯೊಳಗೆ ಇಟ್ಟರು. ದುಂಬಿ ಹೊರಬಂದು ಆ ಗಿಡಕ್ಕೆ ಬಾಯಿ ಹಾಕಿದರೆ ರಾಶಿ, ಪರದೆ ಎಲ್ಲವನ್ನೂ ಅಲ್ಲೇ ಸುಡುವುದು. ಹಾಕದಿದ್ದರೆ ಅವರು ಊರಿಗೆಲ್ಲ ಸಮಾಧಾನ ಹೇಳುವುದು. ಅಂದಿನಿಂದ ಗೌಡರು ದಿನಾ ಬೆಳಿಗ್ಗೆ ಕಾವಲಿಗೆ ಹಾಜರು. ಮೊದಮೊದಲು ಕಾಫಿ ಬೇಡವೆಂದರು, ಆಮೇಲೆ ಅರ್ಧ ಲೋಟ ಎಂದರು, ಕೊನೆಗೆ ಅಕ್ಕಿರೊಟ್ಟಿ ತಡವಾದರೆ ಕೇಳುವಷ್ಟಕ್ಕೆ ಬಂದರು. ಶೋಭಾಳಿಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ ದಿನ ನಾನು ಮಗುವಿಗೆ ಎಷ್ಟು ಹರಕೆ ಹೊತ್ತೆನೋ ದುಂಬಿಗೂ ಅಷ್ಟೇ ಹೊತ್ತೆ. ಹೆಣ್ಣುಮಗು ಹುಟ್ಟಿತು. ಮನೆಯಲ್ಲೆಲ್ಲ ಸಂಭ್ರಮ, ಕೊಟ್ಟಿಗೆಯಲ್ಲಿ ಮಾತ್ರ ಏನೂ ಇಲ್ಲ. ಅತ್ತೆ ಕೊಡಲಿಯನ್ನು ಹುಡುಕತೊಡಗಿದಾಗ ನನಗೆ ಅಳುವೇ ಬಂತು. ಇಷ್ಟು ವರ್ಷ ಯಾರು ಯಾರೋ ಎಲ್ಲೆಲ್ಲೋ ಕಂಡುಹಿಡಿದದ್ದನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ನಮ್ಮ ಬೆಟ್ಟದ್ದೇ ಒಂದು ಜೀವಿಯನ್ನು ಒಂದೇ ಒಂದು ಸಲ ಆ ಬೋರ್ಡಿನ ಮೇಲೆ ಬರೆಯಬೇಕೆಂದು ನನಗೆ ಆಸೆಯಿತ್ತು. ಅದನ್ನು ಹೇಳಿಯೂಬಿಟ್ಟೆ. ಅತ್ತೆ ಕೊಡಲಿ ಹುಡುಕುವುದನ್ನು ಬಿಟ್ಟು ಒಳಗೆ ಹೋದರು. ಮರುದಿನ ಗೌಡರ ಗಾಡಿಯಲ್ಲಿ ಒಂದು ಹೇರು ಒಣಸೌದೆ ಬಂದು ಬಿತ್ತು. "ನಾನ್ ಹೇಳ್ ಕಳ್ಸಿದ್ದೆ" ಎಂದು ಅತ್ತೆ ಮುಖ ಆಚೆ ತಿರುಗಿಸಿಕೊಂಡು ಹಂಡೆಗೆ ಉರಿ ಹಾಕಿದರು. "ಇಷ್ಟ್ ದಿನ ಕಾದು ಈಗ ಸುಟ್ರೆ ನಂಗೂ ನಿದ್ದೆ ಬರಲ್ಲ ಬುಡಿ" ಎಂದು ಗೌಡರು ನಕ್ಕರು.

ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ. ಕಾಲೇಜಿಗೆ ಹೊತ್ತಾಗಿತ್ತು, ಬಸ್ಸು ತಪ್ಪುವ ಗಡಿಬಿಡಿ. ಗೌಡರು ರೊಟ್ಟಿ ಮುರಿಯುತ್ತಾ ಕೊಟ್ಟಿಗೆಯ ಬಾಗಿಲಲ್ಲೇ ಕೂತಿದ್ದರು. ನಾನು ವಾಡಿಕೆಯಂತೆ ಪರದೆ ಎತ್ತಿ ಒಳಗೆ ಬಗ್ಗಿದೆ. ಕಾಫಿ ಗಿಡದ ಕಾಂಡದ ಮೇಲೆ ಉದ್ದ ಮೀಸೆಯದೊಂದು ಕೂತಿತ್ತು. ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈ ಮಾಡಿತು ಎನ್ನುವುದೇ ಸರಿ. ಆಲೂರಿನ ಪಾಳ್ಯದಲ್ಲಿ, ರಾಗಿ ಹೊಲದ ಅಂಚಿಗೆ ಒಂದಿಷ್ಟು ಕಾಫಿ ಇಟ್ಟುಕೊಂಡಿದ್ದ ಅಪ್ಪನ ಹಿಂದೆ ತಿರುಗಿ ಬೆಳೆದವಳು ನಾನು. ಕಾಫಿ ಕಾಂಡದ ಮೇಲೆ ಮೀಸೆ ಕಂಡರೆ ಕೇಳುವುದು ಹೇಳುವುದು ಇಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಕುತ್ತಿಗೆ ಹಿಡಿದು ಚಟ್ಟನೆ ಮುರಿಯುವುದು. ಚಟ್ಟೆಂದ ಮೇಲೆ ನನಗೆ ಜೇನುಬಣ್ಣದ ಪಟ್ಟೆ ಕಂಡಿತು. ಗೌಡರ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು. "ಅಯ್ಯೋ ಮೇಡಮ್ಮೋರೆ, ಸುಮ್ನೆ ಕೂತಿತ್ತಲ್ಲ! ಒಂದ್ ಎಲೆನೂ ಮುಟ್ಟಿರ್ಲಿಲ್ಲ, ಕೊಂದೇಬುಟ್ರಲ್ಲಾ ಪಾಪ" ಎಂದು ಸ್ವಂತ ಬಂಧುವನ್ನು ಕಳೆದುಕೊಂಡವರಂತೆ ಮರುಗಿದರು.

ಮೈ ಒಂದು ಕಡೆ, ತಲೆ ಮೀಸೆ ಇನ್ನೊಂದು ಕಡೆ. ಎರಡನ್ನೂ ಹತ್ತಿಯಲ್ಲಿಟ್ಟು ಬೆಂಗಳೂರಿಗೆ ಒಯ್ದೆ. ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಬಹಳ ಹೊತ್ತು ನೋಡಿದರು. "ಗಂಡೇ" ಎಂದರು. ಗುರುತಿಗೆ ಬೇಕಾದದ್ದು ಬಾಲದ ಕಡೆಯ ಅಂಗವಂತೆ, ಅದು ನೆಟ್ಟಗಿದೆಯಂತೆ. ತಲೆಯನ್ನು ಅಂಟು ಹಾಕಿ ಕೂರಿಸಬಹುದು, ಗಂಡಸಿಗೆ ತಲೆ ಅಷ್ಟೇನೂ ಮುಖ್ಯವಲ್ಲ ಎಂದು ಅವರೇ ನಕ್ಕರು. ನಮ್ಮ ಕಡೆಯವರು ಮೈ ಜಜ್ಜದೆ ಕುತ್ತಿಗೆ ಮುರಿಯುವ ಪದ್ಧತಿ ಇಟ್ಟುಕೊಂಡಿದ್ದಕ್ಕೆ ಅಂದು ನಾನು ಮನಸ್ಸಿನಲ್ಲೇ ಹಿರಿಯರಿಗೆಲ್ಲ ಕೈಮುಗಿದೆ. ಮರುವರ್ಷ ಲೇಖನ ಅಚ್ಚಾಗಿ ಬಂತು. ದುಂಬಿಗೆ ನಮ್ಮ ಬೆಟ್ಟಸಾಲಿನ ಹೆಸರೇ ಸಿಕ್ಕಿತ್ತು. ಅದನ್ನು ಬೋರ್ಡಿನ ಮೇಲೆ ಬರೆದ ದಿನ ಮಕ್ಕಳು ಏನೋ ಪರೀಕ್ಷೆಗೆ ಬರುತ್ತದೆಂದು ಗಾಬರಿಯಿಂದ ಬರೆದುಕೊಂಡರು.

ಮನೆಯಲ್ಲಿ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಇಂಗ್ಲಿಷಿನ ಆ ಲೇಖನವನ್ನು ಅರ್ಥ ಹೇಳಿಸಿಕೊಂಡು ಪೂರ್ತಿ ಕೇಳಿದರು. ಮೀಸೆಯ ಉದ್ದ, ರೆಕ್ಕೆಯ ಬಣ್ಣ, ಕಾಲಿನ ಕೂದಲು ಒಂದನ್ನೂ ಬಿಡಲಿಲ್ಲ. ಕೊನೆಗೆ ತೃಪ್ತಿಯಾಗದೆ ಕೇಳಿದರು: "ಇಷ್ಟುದ್ದ ಬರ್ದವ್ರೆ, ಅದನ್ನ ಕೊಂದೋರ್ ಯಾರು ಅಂತ ಬರ್ದಿಲ್ವೇನೇ?"

"ಬರೆದಿದ್ದಾರೆ ಅತ್ತೆ" ಎಂದು ನಾನು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ, ‘ಸಂಗ್ರಹಿಸಿದವರು’ ಎಂಬುದರ ಮುಂದೆ ನನ್ನ ಹೆಸರು ಇನಿಷಿಯಲ್ ಸಮೇತ ಅಚ್ಚಾಗಿತ್ತು.