ದೋರ್ಜಿಯ ಬಲಗಾಲು

ಹಾಸ್ಟೆಲ್ ಮೆಸ್ಸಿನಲ್ಲಿ ದೋರ್ಜಿ ಆ ಮಾತು ಆಡಬಾರದಿತ್ತು. ಆಡಿದ್ದು ಸುಮ್ಮನೆ, ಮಾತಿಗೆ ಮಾತು ಬಂದು. ಭೂತಾನಿನಿಂದ ಹಾಸನಕ್ಕೆ ಎಂಜಿನಿಯರಿಂಗ್ ಓದಲು ಬಂದಿದ್ದ ಅವನ ಓದು ಮುಗಿದಿತ್ತು, ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ನಾಗೇಶ, "ನೀನು ಬುಡಪ್ಪ, ಯಾವಾಗ್ಲೂ ಓಡಕ್ಕೇ ರೆಡಿಯಾಗಿರ್ತೀಯ" ಎಂದು ಕಿಚಾಯಿಸಿದ. ದೋರ್ಜಿ ನಗುತ್ತ, ತಾನು ಹುಟ್ಟುವಾಗಲೇ ತಲೆಗಿಂತ ಮೊದಲು ಕಾಲು ಹೊರಗಿಟ್ಟವನು ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ ಎಂದ.

ನಾಗೇಶನ ಕೈಯಲ್ಲಿದ್ದ ತುತ್ತು ತಟ್ಟೆಗೂ ಬಾಯಿಗೂ ಮಧ್ಯೆ ನಿಂತಿತು. ನಿಜವೇ, ಅಮ್ಮನೇ ಹೇಳಿದ್ದೇ, ಎರಡೂ ಕಾಲೇ ಎಂದು ಪೊಲೀಸಿನವರ ಹಾಗೆ ವಿಚಾರಿಸಿ ಖಾತ್ರಿ ಮಾಡಿಕೊಂಡ. ಆಮೇಲೆ ತನ್ನ ಪಾಲಿನ ಬೇಯಿಸಿದ ಮೊಟ್ಟೆಯನ್ನೆತ್ತಿ ದೋರ್ಜಿಯ ತಟ್ಟೆಗಿಟ್ಟ. ಇಷ್ಟು ವರ್ಷದಲ್ಲಿ ಒಂದು ಚೂರು ಉಪ್ಪಿನಕಾಯಿಯನ್ನೂ ಹಂಚಿಕೊಂಡವನಲ್ಲ ಅವನು. ಬಿಟ್ಟುಹೋಗುತ್ತೇನೆಂಬ ಸಂಕಟ ಇರಬೇಕು ಎಂದುಕೊಂಡು ದೋರ್ಜಿ ಮೊಟ್ಟೆ ತಿಂದ.

ಅವತ್ತೇ ನಾಗೇಶ ರೋಡ್ ಟ್ರಿಪ್ಪಿನ ಮಾತೆತ್ತಿದ. ಹೋಗುವ ಮುಂಚೆ ಎಲ್ಲಿಗೆ ಹೋಗಬೇಕು ಹೇಳು ಎಂದ. ದೋರ್ಜಿಗೆ ಇದ್ದದ್ದು ಒಂದೇ ಆಸೆ, ಹಾಸನದ ಪಕ್ಕದ ಮೊಸಳೆ ಎಂಬ ಊರು. ಹಾಸನಕ್ಕೆ ಬಂದ ಹೊಸದರಲ್ಲಿ ಒಂದು ಕ್ಯಾಲೆಂಡರನ್ನು ಅಮ್ಮನಿಗೆ ಕಳಿಸಿದ್ದ. ಅದರಲ್ಲಿ ಮೊಸಳೆಯ ಜೋಡಿ ಗುಡಿಗಳ ಚಿತ್ರವಿತ್ತು. ಅಮ್ಮನಿಗೆ ಅದು ಬಹಳ ಹಿಡಿಸಿಬಿಟ್ಟಿತು. ಅಣ್ಣತಮ್ಮಂದಿರ ಹಾಗೆ ನಿಂತಿವೆ, ನಡುವೆ ನೀನೂ ನೆಟ್ಟಗೆ ನಿಂತು ಒಂದು ಫೋಟೊ ತೆಗೆಸಿ ಕಳಿಸು ಎಂದು ಅವತ್ತಿನಿಂದ ಕೇಳುತ್ತಲೇ ಇದ್ದಳು. ಗೋಡೆಗೆ ಮೊಳೆ ಕೂಡ ಹೊಡೆಸಿದ್ದಳು. ಗುಡಿ ಇಲ್ಲೇ ಹತ್ತಿರದಲ್ಲಿದೆ, ಯಾವಾಗ ಬೇಕಾದರೂ ಹೋಗಬಹುದು ಎಂದು ದೋರ್ಜಿ ಇಷ್ಟು ವರ್ಷವೂ ಹೋಗಿರಲಿಲ್ಲ. ಟ್ರಿಪ್ಪಿಗೆ ಗೊತ್ತುಮಾಡಿದ ದಿನದ ಮಾರನೆಯ ಬೆಳಿಗ್ಗೆಯೇ ಬೆಂಗಳೂರಿಗೆ ಹೊರಟು ವಿಮಾನ ಹತ್ತಬೇಕು. ಉಳಿದಿದ್ದು ಅದೊಂದೇ ದಿನ.

ಕಾರು ನಾಗೇಶನ ಚಿಕ್ಕಪ್ಪನದು. ಅವರು ಹಾಕಿದ್ದು ಒಂದೇ ಷರತ್ತು: ಮನೆಯಲ್ಲಿದ್ದ ನಾಗೇಶನ ಅಜ್ಜಿ ಹೊನ್ನಕ್ಕಜ್ಜಿಯನ್ನು ಹೊಳೆನರಸೀಪುರದಲ್ಲಿರುವ ಅಜ್ಜಿಯ ತಮ್ಮನ ಮನೆಗೆ ಬಿಟ್ಟುಬಿಡಬೇಕು. ಮೊಸಳೆ ದಾಟಿದರೆ ಅದೇ ದಾರಿ ತಾನೇ. ಬೆಳಿಗ್ಗೆ ಕಾರಿನ ಹತ್ತಿರ ಬಂದಾಗ ನಾಗೇಶನ ಬಲಗಾಲಿಗೆ ಮೀನಖಂಡದವರೆಗೂ ಬ್ಯಾಂಡೇಜು ಸುತ್ತಿತ್ತು. ಕ್ರಿಕೆಟ್ ಚೆಂಡು ಬಿತ್ತು ಎಂದ. ಹಾಗಾಗಿ ಸ್ಟೀರಿಂಗು ಅವರ ಕ್ಲಾಸಿನ ಧನುಶ್ರೀಯ ಪಾಲಾಯಿತು. ಹೊನ್ನಕ್ಕಜ್ಜಿ ಸೊಂಟ ಹಿಡಿದುಕೊಂಡು, ಮಡಚಿದ ಕೊಡೆಯ ಹಾಗೆ ಮುಂದಿನ ಸೀಟಿನಲ್ಲಿ ಕೂತರು.

ಮೊಸಳೆಯ ತಿರುವು ಬಂದಾಗ ದೋರ್ಜಿ ಇಲ್ಲೇ ಮೊದಲು ಹೋಗಿಬಿಡೋಣ ಎಂದ. ಅಜ್ಜಿ ಒಪ್ಪಲಿಲ್ಲ. ಬೆಳಗಿನ ಬಿಸಿಲಿಗೆ ಮುಖ ಕಪ್ಪಗೆ ಬೀಳುತ್ತೆ, ಸಾಯಂಕಾಲ ಬರುವಾಗ ಚೆನ್ನಾಗಿ ಬರುತ್ತೆ ಎಂದರು. ಗುಡಿಯ ಮುಖ ಪೂರ್ವಕ್ಕಲ್ಲವಾ, ಬೆಳಿಗ್ಗೆಯೇ ಬೆಳಕು ಚೆನ್ನಾಗಿರೋದು ಎಂದು ಧನುಶ್ರೀ ಗೊಣಗಿದಳು. ಅಷ್ಟರಲ್ಲಿ ತಿರುವು ಹಿಂದೆ ಹೋಗಿತ್ತು.

ಹೊಳೆನರಸೀಪುರದಲ್ಲಿ ಅಜ್ಜಿಯ ತಮ್ಮ ಪಾಪಯ್ಯನವರ ಮನೆ ಮುಂದೆ ಕಾರು ನಿಂತಿತು. ಅಜ್ಜಿ ಇಳಿದರು, ಆದರೆ ನೆಟ್ಟಗಾಗಲಿಲ್ಲ. ಸೀಟಿನಲ್ಲಿ ಹೇಗೆ ಕೂತಿದ್ದರೋ ಹಾಗೇ ಬೀದಿಯಲ್ಲಿ ನಿಂತರು. ಆಗ ನಾಗೇಶ ಕಾರಿನ ಒಳಗಿನಿಂದಲೇ, ಹವಾಮಾನದ ಸುದ್ದಿ ಹೇಳುವವನಂತೆ ಹೇಳಿದ: "ಅಜ್ಜೀ, ನಮ್ ದೋರ್ಜಿ ಕಾಲು ಮುಂದಾಗಿ ಉಟ್ಟಿರೋನು ಕಣಜ್ಜಿ."

ಪಾಪಯ್ಯನವರು ಬಾಗಿಲಿಗೆ ಬಂದಿದ್ದರು. ದೋರ್ಜಿಯ ಮುಖ ನೋಡಲಿಲ್ಲ, ಪಾದ ನೋಡಿದರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ನಿಧಾನವಾಗಿ ವಿವರಿಸಿದರು. ಕಾಲು ಮುಂದಾಗಿ ಹುಟ್ಟಿದವರ ಕಾಲಿನಲ್ಲಿ ಗುಣ ಇರುತ್ತದೆ. ಸೊಂಟ ಹಿಡಿದುಕೊಂಡವರ ಬೆನ್ನಿಗೆ ಅವರು ಬಲಗಾಲಿಟ್ಟು ಮೂರು ಸಲ ಒತ್ತಿದರೆ ಸಾಕು, ಉಳುಕು ಬಿಟ್ಟುಹೋಗುತ್ತದೆ. ಈಗ ಅಂಥವರು ಸಿಗುವುದೇ ಕಷ್ಟ, ಎಲ್ಲ ಆಪರೇಷನ್ನಿನಲ್ಲಿ ಹುಟ್ಟುತ್ತಾರೆ.

ದೋರ್ಜಿ ಪಾದಗಳನ್ನು ಹಿಂದಕ್ಕೆಳೆದುಕೊಂಡ. ಅವನ ಊರಿನಲ್ಲಿ ಹಿರಿಯರ ಕಡೆ ಕಾಲು ಚಾಚಿ ಕೂತರೂ ಅಮ್ಮ ತೊಡೆಗೆ ಬಾರಿಸುತ್ತಾಳೆ. ಪಾಪಯ್ಯನವರ ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕದಲ್ಲಿ ಬುದ್ಧನ ಫೋಟೊ ಇತ್ತು. ಬಂದ ತಕ್ಷಣ ಕೈಮುಗಿದಿದ್ದು ಅದಕ್ಕೇ. ಈಗ ಅದೇ ಬುದ್ಧನ ಎದುರು ಮುದುಕಿಯನ್ನು ಒದೆಯಬೇಕು.

"ಅಜ್ಜಿ, ನಾನು ನಿಮ್ ಮೊಮ್ಮಗನ್ ತರ. ಎಂಗ್ ಕಾಲಿಡ್ಲಿ," ಎಂದ. ಕನ್ನಡ ಅವನಿಗೆ ಹಾಸ್ಟೆಲ್ಲಿನಿಂದಲೇ ಬಂದದ್ದು.

"ಮೊಮ್ಮಗ ಅಂದ್ಮೇಲೆ ಸಂಕೋಚ ಯಾಕ್ಲಾ," ಎಂದ ಅಜ್ಜಿ ಆಗಲೇ ಕಂಬ ಹಿಡಿದು ಬಗ್ಗಿದ್ದರು. "ಒತ್ತಪ್ಪ, ಮೆತ್ತಗೊತ್ತು."

ದೋರ್ಜಿ ಕಣ್ಣು ಮುಚ್ಚಿ, ಬುದ್ಧನಲ್ಲಿ ಕ್ಷಮೆ ಕೇಳಿ, ಕಾಲೆತ್ತಿ ಒತ್ತಿದ. ಮೂರನೆಯ ಒತ್ತಿಗೆ ಅಜ್ಜಿಯ ಸೊಂಟದಲ್ಲಿ ಎಲ್ಲೋ ಬಾಗಿಲ ಚಿಲಕ ತೆಗೆದ ಹಾಗೆ 'ಕಟಕ್' ಎಂದಿತು. ಅಜ್ಜಿ ನಿಧಾನವಾಗಿ ಎದ್ದರು. ಅತ್ತ ತಿರುಗಿದರು, ಇತ್ತ ತಿರುಗಿದರು, ಹೋಗಿ ಅಟ್ಟದ ಮೇಲಿನ ಪಾತ್ರೆ ಇಳಿಸಿ ತೋರಿಸಿದರು.

ಅಲ್ಲಿಂದ ದೋರ್ಜಿಯ ಕಾಲು ದೋರ್ಜಿಯದಾಗಿ ಉಳಿಯಲಿಲ್ಲ.

ಎದುರುಮನೆಯವರು ಬಂದರು, ಹಿಂದಿನ ಬೀದಿಯವರು ಬಂದರು, ಹಾಲು ಹಾಕಲು ಬಂದವನು ಕ್ಯಾನು ಇಳಿಸಿ ಸಾಲಿನಲ್ಲಿ ನಿಂತ. ಕಾಲಿಟ್ಟವರಿಗೆ ಉಣ್ಣಿಸದೆ ಕಳಿಸಬಾರದು ಎಂಬುದು ಇನ್ನೊಂದು ಪದ್ಧತಿ. ಮುದ್ದೆ, ನಾಟಿಕೋಳಿ ಸಾರು. ಬೇಡ ಎಂದರೆ ಕಾಲಿನ ಗುಣ ನಿಲ್ಲುವುದಿಲ್ಲವಂತೆ. ದೋರ್ಜಿ ಉಣ್ಣುತ್ತಿರುವಾಗಲೇ ಪಾಪಯ್ಯನವರು ಫೋನಿನಲ್ಲಿ ಅರಕಲಗೂಡಿನ ಬೀಗಿತ್ತಿ ಕೃಷ್ಣಮ್ಮನಿಗೆ ಸುದ್ದಿ ಮುಟ್ಟಿಸಿದರು. ಕೃಷ್ಣಮ್ಮ ಚನ್ನರಾಯಪಟ್ಟಣದಲ್ಲಿದ್ದ ತಮ್ಮ ಅಣ್ಣ ಚಿಕ್ಕಯ್ಯನಿಗೆ ಮುಟ್ಟಿಸಿದರು. ಚಿಕ್ಕಯ್ಯ ತೆಂಗಿನಕಾಯಿ ಮೂಟೆ ಎತ್ತಿ ಸೊಂಟ ಕಳೆದುಕೊಂಡವರು. ಓಣಿಯಲ್ಲಿ ಅಂಥ ಸೊಂಟದವರನ್ನೆಲ್ಲ ಒಟ್ಟು ಮಾಡಿ ಟೆಂಪೊ ಹತ್ತಿಸಿಕೊಂಡು ಹೊರಟೇ ಬಿಟ್ಟರಂತೆ.

ಅವರು ಬರುವುದರೊಳಗೆ ಮೊಸಳೆಗೆ ಓಡಿಬಿಡೋಣ ಎಂದು ದೋರ್ಜಿ ಕಾರಿಗೆ ಬಂದರೆ, ಹೊನ್ನಕ್ಕಜ್ಜಿ ಮುಂದಿನ ಸೀಟಿನಲ್ಲಿ ಸೊಂಟ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಇಳಿಸಬೇಕಾದ ಊರು ಬಂದ ಮೇಲೂ ಅವರು ಇಳಿಯುವ ಲಕ್ಷಣ ಕಾಣಲಿಲ್ಲ.

"ಅರಕಲಗೂಡ್ಗೆ ಒಂದ್ ಗಳಿಗೆ ಓಗ್ಬುಟ್ಟು ಬರಾಣ ಕಣಪ್ಪ. ಶುಂಠಿ ನಾಟಿ ಮಾಡಿ ಮಾಡಿ ಕೃಷ್ಣಮ್ಮನ ಸೊಂಟ ಬಿದ್ದೋಗದೆ. ನಿನ್ ಕಾಲಿಗೇನು ಸವೆತವಾ."

ಅರಕಲಗೂಡಿನಲ್ಲಿ ಶುಂಠಿಯವರು, ಹೊಗೆಸೊಪ್ಪಿನವರು, ಜೋಳದವರು ಎಲ್ಲ ಜಗಲಿಯ ಮೇಲೆ ಸಾಲಾಗಿ ಬೋರಲು ಮಲಗಿ ಕಾಯುತ್ತಿದ್ದರು. ದೂರದಿಂದ ನೋಡಿದರೆ ಒಣಗಲು ಹಾಕಿದ ಮೂಟೆಗಳ ಹಾಗಿತ್ತು. ಕೃಷ್ಣಮ್ಮ ಸೆರಗಿನಿಂದ ದೋರ್ಜಿಯ ಪಾದ ಒರೆಸಿ, ಒಬ್ಬೊಬ್ಬರ ಹೆಸರು, ಬೇನೆ ಎಲ್ಲ ಹೇಳಿ ಮುಂದೆ ಮುಂದೆ ಸರಿಸಿದರು. ಕೆಲವರು ಎದ್ದು ನಡೆದರು. ಕೆಲವರು ಎದ್ದು, ಇನ್ನೊಂದು ಸಲ ಒತ್ತಲಿ ಎಂದು ಮತ್ತೆ ಮಲಗಿದರು. ಒಬ್ಬ ಆಟೊದವನಿಗೆ ಸೊಂಟ ಚೆನ್ನಾಗಿಯೇ ಇತ್ತು, ಮುಂದೆ ಹಿಡಿದುಕೊಂಡರೆ ಇರಲಿ ಎಂದು ಬೆನ್ನು ಕೊಟ್ಟ.

ಇಷ್ಟೆಲ್ಲ ಆಗುವಾಗ ನಾಗೇಶ ಕಾರಿನಿಂದ ಇಳಿಯಲೇ ಇಲ್ಲ. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಬಿದ್ದುಕೊಂಡಿದ್ದ. ಒಬ್ಬ ಮುದುಕರು ಕಿಟಕಿಯಲ್ಲಿ ಇಣುಕಿ ಅವನ ಬ್ಯಾಂಡೇಜು ನೋಡಿ, ದುಡಿಯುವ ಮಗ ಮನೆಯಲ್ಲಿ ಬಿದ್ದ ಹಾಗೆ ನಿಟ್ಟುಸಿರು ಬಿಟ್ಟರು. "ಅಯ್ಯೋ ಮಗಾ, ಬಲಗಾಲೇ ಆಗ್ಬೇಕಿತ್ತಾ" ಎಂದರು. ಎಂಥ ಒಳ್ಳೇ ಜನ ಎಂದುಕೊಂಡ ದೋರ್ಜಿ.

ಹೋಳಿಗೆ ಊಟ ಆಯಿತು. ಮಧ್ಯಾಹ್ನ ಇಳಿಯಿತು. ಮಲ್ಲಿಪಟ್ಟಣದಿಂದ ಕೃಷ್ಣಮ್ಮನ ನಾದಿನಿ ಫೋನು ಮಾಡಿ ಅತ್ತಳು. ಹಾಗಾಗಿ ಮಲ್ಲಿಪಟ್ಟಣ. ಅಲ್ಲಿ ರೊಟ್ಟಿ, ಮೀನು. ಚನ್ನರಾಯಪಟ್ಟಣದ ಟೆಂಪೊ ಇವರು ಬಿಟ್ಟ ಮೇಲೆ ಹೊಳೆನರಸೀಪುರ ಮುಟ್ಟಿತಂತೆ, ಮಲ್ಲಿಪಟ್ಟಣಕ್ಕೆ ಹೋದ ಮೇಲೆ ಅರಕಲಗೂಡು ಮುಟ್ಟಿತಂತೆ. ಗುಂಡಿ ರಸ್ತೆಯಲ್ಲಿ ಕುಲುಕಿ ಕುಲುಕಿ, ಬರುವಾಗ ನೆಟ್ಟಗಿದ್ದ ಡ್ರೈವರನ ಸೊಂಟವೂ ಈಗ ಹೋಗಿದೆಯಂತೆ. ಆದರೂ ಬಿಡದೆ ಬೆನ್ನು ಹತ್ತಿದ್ದರು.

ದೋರ್ಜಿ ಹಿಂದಿನ ಸೀಟಿನಲ್ಲಿ ಊರಿನವರು ಕೊಟ್ಟ ಶುಂಠಿ ಮೂಟೆಗೂ ಕುಂಬಳಕಾಯಿಗೂ ನಡುವೆ ಒರಗಿಕೊಂಡ. ಹೊಟ್ಟೆ ಕಲ್ಲಾಗಿತ್ತು. ಬಲತೊಡೆ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಸೂರ್ಯ ಕೆಳಗಿಳಿಯುತ್ತಿದ್ದ. ಅಮ್ಮ ಹೊಡೆಸಿದ ಮೊಳೆ ಕಣ್ಣ ಮುಂದೆ ಬಂತು.

"ಧನು," ಎಂದ ಮೆಲ್ಲಗೆ, "ಇನ್ ಯಾರ್ ಕೈ ಅಡ್ಡ ಇಟ್ರೂ ನಿಲ್ಲಿಸ್ಬೇಡ."

ಧನುಶ್ರೀ ನಿಲ್ಲಿಸಲಿಲ್ಲ. ಅಜ್ಜಿ ದಾರಿಯುದ್ದಕ್ಕೂ ಕೈ ಬೀಸಿದವರ ಹೆಸರು ಹೇಳಿ ಹೇಳಿ ನೊಂದುಕೊಂಡರೂ ಕೇಳದೆ ಓಡಿಸಿದಳು. ಮೊಸಳೆ ಮುಟ್ಟಿದಾಗ ಗುಡಿಗಳ ಶಿಖರದ ಮೇಲೆ ಮಾತ್ರ ಒಂದು ಚೂರು ಬಿಸಿಲಿತ್ತು. ವಯಸ್ಸಾದ ಕಾವಲುಗಾರ ಕೆಂಚಯ್ಯ ಗೇಟು ಎಳೆದು ಬೀಗ ಹುಡುಕುತ್ತಿದ್ದ. ದೋರ್ಜಿ ಕುಂಟುತ್ತ ಓಡಿಹೋಗಿ, ಒಂದೇ ಒಂದು ಫೋಟೊ, ನಾಳೆ ಊರಿಗೆ ಹೋಗ್ತೀನಿ, ಅಮ್ಮ ಕಾಯ್ತಿದ್ದಾಳೆ ಎಂದು ಬೇಡಿಕೊಂಡ. ಟೈಮಾಯ್ತು ಎಂದ ಕೆಂಚಯ್ಯ. ರೂಲ್ಸು ರೂಲ್ಸೇ ಎಂದ. ಹಾಗೆಂದು ಬೀಗಕ್ಕೆ ಬಗ್ಗಿದವನು ಸೊಂಟ ಹಿಡಿದುಕೊಂಡು 'ಸ್ಸ್' ಎಂದ.

ಕಾರಿನ ಕಿಟಕಿಯಿಂದ ಹೊನ್ನಕ್ಕಜ್ಜಿ ತಲೆ ಹೊರಹಾಕಿದರು. ಬೇಡ ಅಜ್ಜಿ ಎಂದು ದೋರ್ಜಿ ಕೈಸನ್ನೆ ಮಾಡುವುದರೊಳಗೆ ಅವರು ಹೇಳಿಬಿಟ್ಟಿದ್ದರು.

ಗೇಟು ತೆರೆಯಿತು. ಕೆಂಚಯ್ಯ ಬೇಗ ಬಾರಪ್ಪ ಎಂದು ತಾನೇ ಮುಂದೆ ಹೋಗಿ, ಎರಡು ಗುಡಿಗಳ ನಡುವಿನ ಹುಲ್ಲಿನ ಮೇಲೆ ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತ. ಮೊದಲು ಸೊಂಟ, ಆಮೇಲೆ ಫೋಟೊ. ಕೊನೆಯ ಬೆನ್ನು ಎಂದುಕೊಂಡ ದೋರ್ಜಿ. ಇದೊಂದು ಮುಗಿದರೆ ನೆಟ್ಟಗೆ ನಿಲ್ಲುವುದು, ನಗುವುದು, ಅಷ್ಟೇ. ಬಿಸಿಲು ಹೋಗಿಬಿಡುತ್ತದೆಂದು ಧನುಶ್ರೀ ಆಗಲೇ ಫೋನು ಎತ್ತಿ ಹಿಡಿದಿದ್ದಳು.

ಮುದ್ದೆ, ಹೋಳಿಗೆ, ಮೀನು ಎಲ್ಲವನ್ನೂ ಹೊತ್ತುಕೊಂಡು ದೋರ್ಜಿ ಕಾಲೆತ್ತಿದ. ಕಾಲು ಕೆಂಚಯ್ಯನ ಬೆನ್ನು ಮುಟ್ಟಿತು. 'ಕಟಕ್' ಎಂದಿತು. ಈ ಸಲ ಶಬ್ದ ಬಂದದ್ದು ದೋರ್ಜಿಯ ಸೊಂಟದಿಂದ.

ಕೆಂಚಯ್ಯ ನೆಟ್ಟಗಾದ. ದೋರ್ಜಿ ಆಗಲಿಲ್ಲ. ಕಾಲು ಕೆಳಗಿಳಿಯಿತು, ಬೆನ್ನು ಮೇಲೇಳಲಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದದ್ದು ಹುಲ್ಲು, ತನ್ನದೇ ಹೆಬ್ಬೆರಳು, ಒಂದು ಇರುವೆ ಸಾಲು. ಶಿಖರದ ಮೇಲಿನ ಬಿಸಿಲು ಹೋಯಿತು. ಧನುಶ್ರೀ ಫೋನನ್ನು ಅವನ ಮುಖದ ಕೆಳಗೆ ಹಿಡಿದು ತೋರಿಸಿದಳು. ಬಂದದ್ದು ಒಂದೇ ಫೋಟೊ. ಎಡಕ್ಕೊಂದು ಗುಡಿ, ಬಲಕ್ಕೊಂದು ಗುಡಿ, ನಡುವೆ ಬಡ ಮುದುಕನೊಬ್ಬನನ್ನು ಹಲ್ಲು ಕಚ್ಚಿ ಒದೆಯುತ್ತಿರುವ ದೋರ್ಜಿ.

"ಇದುನ್ನ ಅಮ್ಮನ್ಗೆ ಎಂಗೆ ಕಳ್ಸ್ಲಿ," ಎಂದ ದೋರ್ಜಿ, ಹುಲ್ಲಿಗೆ.

ಕಾರಿನ ಬಾಗಿಲ ಸದ್ದಾಯಿತು. ನಾಗೇಶ ಬಂದ. ಬೆಳಗಿನಿಂದ ಮೊದಲ ಸಲ ಇಳಿದಿದ್ದ. ಗೆಳೆಯನನ್ನು ನೋಡಿದ. ಆಮೇಲೆ ಗುಡಿಯ ಕಟ್ಟೆಯ ಮೇಲೆ ಕೂತು ಬ್ಯಾಂಡೇಜು ಬಿಚ್ಚತೊಡಗಿದ. ಸುತ್ತು ಸುತ್ತಾಗಿ ಬಿಚ್ಚಿದ ಮೇಲೆ ಒಳಗಿದ್ದದ್ದು ಒಂದು ಗೀರೂ ಇಲ್ಲದ, ಚೆನ್ನಾಗಿ ತೊಳೆದ ಬಲಗಾಲು. ಚಪ್ಪಲಿ ಪಕ್ಕಕ್ಕಿಟ್ಟು ಬಂದು ದೋರ್ಜಿಯ ಹಿಂದೆ ನಿಂತ.

"ಮಂಡಿ ಇಡ್ಕೊ ಮಗಾ," ಎಂದ. "ಉಸಿರು ಬುಡು."

ಹಿಮ್ಮಡಿ ಬಂದು ಕೂತ ಜಾಗದಲ್ಲೇ ದೋರ್ಜಿಗೆ ಎಲ್ಲ ಗೊತ್ತಾಯಿತು. ಅದು ಹೊಸಬನ ಕಾಲಲ್ಲ. ಬುದ್ಧಿ ಬಂದಾಗಿನಿಂದ ಸೊಂಟ ಒತ್ತಿದ ಕಾಲು.

"ನೀನೂವಾ," ಎಂದ.

"ಊಂ ಕಣ. ಎಲ್ಡೂ ಕಾಲು. ಒಂದನೇ ಕ್ಲಾಸಿಂದ ತುಳೀತಿದೀನಿ. ಯಾವ್ ಮದ್ವೆಗೋದ್ರೂ ಊಟದ್ ಎಲೆ ಮುಂದೆ ಬಂದು ಬಗ್ತಾರೆ ಕಣ್ಲಾ. ಒಂದಿನ, ಒಂದೇ ದಿನ ಮನುಷ್ಯನ್ ತರ ಊರೂರು ತಿರುಗ್ಬೇಕು ಅನ್ನುಸ್ತು."

"ನಾಗೇಸಂದು ಬಾಳ ಬಿರುಸು," ಎಂದರು ಅಜ್ಜಿ ಕಿಟಕಿಯಿಂದ. "ನಿಂದು ಮೆತ್ತಗದೆ ಕಣಪ್ಪ, ದೋರ್ಜಿ. ಅದ್ಕೇ ನಾನೂ ಸುಮ್ಕಿದ್ದೆ."

ಮೂರು ಸಲ ಒತ್ತಿದರೂ ಸೊಂಟ ಬಿಡಲಿಲ್ಲ. ಕಾಲು ಮುಂದಾದವರಿಗೆ ಕಾಲು ಮುಂದಾದವರ ಕಾಲು ಹತ್ತುವುದಿಲ್ಲ, ತನ್ನ ತಾತನೂ ಹಾಗೇ ಅಂತಿದ್ದರು ಎಂದು ಕೆಂಚಯ್ಯ ನೆಟ್ಟಗೆ ನಿಂತು ಹೇಳಿದ. ಮೂರು ದಿನ ಅಲ್ಲಾಡದೆ ಮಲಗಿದರೆ ತಾನಾಗಿ ಬಿಡುತ್ತದೆ, ವಿಮಾನಗಿಮಾನ ಎಲ್ಲ ಆಗುವುದಿಲ್ಲ ಎಂದೂ ಹೇಳಿದ. ಒಳ್ಳೆಯದೇ ಆಯಿತು, ಮೂರು ದಿನ ಬಿಟ್ಟು ಮತ್ತೆ ಬಂದು ನೆಟ್ಟಗೆ ಫೋಟೊ ತೆಗೆಸಿದರಾಯಿತು ಎಂದು ನಾಗೇಶ ಸಮಾಧಾನ ಮಾಡಿದ. ಗೆಳೆಯನ ಹೆಗಲ ಮೇಲೆ ಕೈ ಇಟ್ಟ. ದೋರ್ಜಿಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ.

ಆಗ ಗೇಟಿನ ಹತ್ತಿರ ಧೂಳೆದ್ದಿತು. ಒಂದು ಟೆಂಪೊ ಬಂದು ನಿಂತಿತು. ಒಳಗಿನಿಂದ ಒಬ್ಬೊಬ್ಬರಾಗಿ, ಎಲ್ಲರೂ ಬಗ್ಗಿಕೊಂಡೇ ಇಳಿದರು. ಕೊನೆಗೆ ಡ್ರೈವರೂ ಬಗ್ಗಿಕೊಂಡೇ ಇಳಿದ. "ಚನ್ನರಾಯಪಟ್ಟಣದೋರು ಕಣಪ್ಪ," ಎಂದು ಮುಂದಿದ್ದ ಚಿಕ್ಕಯ್ಯ ದಣಿದ ದನಿಯಲ್ಲಿ ಕೂಗಿದರು. "ಕಾಲಿನ ಮಗ ಎಲ್ಲವ್ನೆ?"

ದೋರ್ಜಿಯ ಹೆಗಲ ಮೇಲಿದ್ದ ಕೈ ಮೆಲ್ಲಗೆ ಜಾರಿತು. ಬಗ್ಗಿ ನಿಂತಿದ್ದರಿಂದ ಅವನಿಗೆ ಕಂಡದ್ದು ಹುಲ್ಲಿನ ಮೇಲಿನ ಕಾಲುಗಳಷ್ಟೇ. ಅವುಗಳಲ್ಲಿ ಒಂದು ಬಲಗಾಲು ಅವಸರ ಅವಸರವಾಗಿ ಬ್ಯಾಂಡೇಜು ಸುತ್ತಿಕೊಳ್ಳುತ್ತಿತ್ತು.